ಶಾಯಿಯ ಹನಿಯಿಂದ ಜೀವದ ಹನಿಗೆ



ಕಳೆದ ಮಳೆಗಾಲದಲ್ಲಿ ನಮ್ಮ ಒಂಬತ್ತನೆಯ ತರಗತಿಯ ಹುಡುಗನೊಬ್ಬನು ಎಂಟು ದಿನ ಜ್ವರದಿಂದ ಮಲಗಿ, ತರುವಾಯ ಶಾಲೆಗೆ ಬಂದನು. ರಜೆಯ ಅರ್ಜಿಯೊಡನೆ ರಕ್ತಪರೀಕ್ಷೆಯ ವರದಿಯನ್ನೂ ತಂದಿದ್ದನು. ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಪ್ಲೇಟ್‌ಲೆಟ್‌ಗಳು 92,000 ಎಂದು ಅದರಲ್ಲಿ ಬರೆದಿತ್ತು. ಹುಡುಗನು ಕಣ್ಣರಳಿಸಿ, “ಗುರುಗಳೇ, ಇಷ್ಟನ್ನು ಯಾರು ಕುಳಿತು ಎಣಿಸಿದರು?” ಎಂದು ಕೇಳಿದನು.

ನಾನು ಕನ್ನಡ ಕಲಿಸುವವನು. ವಿಜ್ಞಾನದ ಮಾಸ್ತರರನ್ನು ಕೇಳೆಂದು ಅವನನ್ನು ಕಳುಹಿಸಿಬಿಡಬಹುದಾಗಿತ್ತು. ಆದರೆ ಮನಸ್ಸು ಒಪ್ಪಲಿಲ್ಲ. ನಾನೂ ಊರಿನ ಕನ್ನಡ ಶಾಲೆಯಲ್ಲಿ ಮೆಟ್ರಿಕ್ ಮುಗಿಸಿ ಈ ಮುಂಬಯಿಗೆ ಬಂದವನೇ. ಇಂತಹ ಸಂಗತಿಗಳೆಲ್ಲ ಇಂಗ್ಲಿಷ್ ಬಲ್ಲವರ ಸೊತ್ತೆಂದು ನಂಬಿ ಬಹುಕಾಲ ದೂರವೇ ನಿಂತಿದ್ದೆನು. ಆ ತಪ್ಪು ನಿಮ್ಮಿಂದಾಗದಿರಲೆಂದು, ಹುಡುಗನ ಪ್ರಶ್ನೆಯ ಬೆನ್ನು ಹತ್ತಿ ನಾನು ತಿಳಿದುಕೊಂಡುದನ್ನು ಇಲ್ಲಿ ಬರೆದಿರುವೆನು.

ಎಣಿಸುವ ರಂಧ್ರ

ಹಿಂದೆ ರಕ್ತಕಣಗಳನ್ನು ಮನುಷ್ಯರೇ ಎಣಿಸುತ್ತಿದ್ದರು. ರಕ್ತವನ್ನು ತೆಳುಗೊಳಿಸಿ, ಚೌಕಗಳ ಗೀಟು ಹಾಕಿದ ಗಾಜಿನ ಮೇಲೆ ಇಟ್ಟು, ಸೂಕ್ಷ್ಮದರ್ಶಕದ ಮೂಲಕ ಒಂದೊಂದಾಗಿ ಲೆಕ್ಕ ಮಾಡುವುದು ಪದ್ಧತಿ. ಕಣ್ಣು ಸೋಲುತ್ತಿತ್ತು, ಲೆಕ್ಕವೂ ತಪ್ಪುತ್ತಿತ್ತು. ಅಮೆರಿಕದ ವಾಲೇಸ್ ಕೌಲ್ಟರ್ (1913–1998) ಎಂಬವರು ಇದಕ್ಕೊಂದು ಸರಳೋಪಾಯವನ್ನು ಕಂಡರು.

ಉಪ್ಪುನೀರಿನಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುತ್ತದೆ. ರಕ್ತಕಣದ ಪೊರೆಯು ವಿದ್ಯುತ್ತಿಗೆ ಅಷ್ಟು ಸುಲಭವಾಗಿ ದಾರಿ ಕೊಡುವುದಿಲ್ಲ. ಒಂದು ಕಿರುರಂಧ್ರದ ಎರಡು ಬದಿಗೂ ಉಪ್ಪುನೀರನ್ನು ತುಂಬಿ, ಅದರ ಮೂಲಕ ವಿದ್ಯುತ್ತನ್ನು ಹರಿಯಿಸಿ, ರಕ್ತಕಣಗಳನ್ನು ಆ ರಂಧ್ರದಲ್ಲಿ ಒಂದರ ಹಿಂದೊಂದು ಹಾಯಿಸಿದರೆ ಏನಾಗುವುದು? ಕಣವು ರಂಧ್ರದಲ್ಲಿರುವ ಕ್ಷಣದಲ್ಲಿ ವಿದ್ಯುತ್ತಿಗೆ ತಡೆಯುಂಟಾಗುವುದು. ತಡೆಗಳ ಸಂಖ್ಯೆಯೇ ಕಣಗಳ ಸಂಖ್ಯೆ. ತಡೆಯ ಪ್ರಮಾಣವೇ ಕಣದ ಗಾತ್ರದ ಅಳತೆ. ಈ ಸಾಧನಕ್ಕೆ 1953ರ ಅಕ್ಟೋಬರ್ 20ರಂದು ಅಮೆರಿಕದಲ್ಲಿ ಪೇಟೆಂಟ್ ದೊರೆಯಿತು. ರಂಧ್ರಕ್ಕೆ ಪೇಟೆಂಟ್ ಸಿಗದೆಂದು ವಕೀಲರು ಮೊದಲು ಅವರನ್ನು ಹಿಂದಕ್ಕೆ ಕಳುಹಿಸಿದ್ದರೆಂದು ಹೇಳುತ್ತಾರೆ. ಇಂದು ಪ್ರಯೋಗಶಾಲೆಗಳಲ್ಲಿರುವ ಅನೇಕ ಯಂತ್ರಗಳು ಇದೇ ತತ್ತ್ವದಿಂದ ನಡೆಯುತ್ತವೆ. ಹುಡುಗನ 92,000ವನ್ನು ಎಣಿಸಿದುದು, ಹೆಚ್ಚಿನ ಮಟ್ಟಿಗೆ, ಇಂತಹದೊಂದು ರಂಧ್ರವೇ.

ತುಂಡಾಗುವ ನೀರೆಳೆ

ಇನ್ನು ನಿಮ್ಮ ಚಾಳಿನ ನಲ್ಲಿಯ ಬಳಿಗೆ ಹೋಗೋಣ. ನಲ್ಲಿಯನ್ನು ತೀರ ಸಣ್ಣಗೆ ತಿರುವಿರಿ. ಮೇಲ್ಭಾಗದಲ್ಲಿ ನೀರು ಗಾಜಿನ ಕಡ್ಡಿಯಂತೆ ನಯವಾಗಿ ಇಳಿಯುವುದು. ಸ್ವಲ್ಪ ಕೆಳಗೆ ಅದೇ ಎಳೆ ತುಂಡಾಗಿ ಹನಿಹನಿಯಾಗುವುದು. ನೀರಿನ ಮೇಲ್ಮೈಯು ತನ್ನನ್ನು ಆದಷ್ಟು ಕಿರಿದಾಗಿಸಿಕೊಳ್ಳಲು ಎಳೆಯುವುದೇ ಇದಕ್ಕೆ ಕಾರಣ. ಇಂಗ್ಲೆಂಡಿನ ಲಾರ್ಡ್ ರೇಲೀ ಅವರು ಸುಮಾರು 1878ರಲ್ಲಿ ಇದರ ಗಣಿತವನ್ನು ಬಿಡಿಸಿ ತೋರಿಸಿದರು. ನೀರೆಳೆಯನ್ನು ತಕ್ಕ ವೇಗದಲ್ಲಿ ನಡುಗಿಸಿದರೆ ಎಲ್ಲ ಹನಿಗಳೂ ಒಂದೇ ಗಾತ್ರದವಾಗಿ ಸಾಲುಗೂಡಿ ಬೀಳುವುವು.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ರಿಚರ್ಡ್ ಸ್ವೀಟ್ ಅವರು 1960ರ ದಶಕದಲ್ಲಿ ಇದನ್ನು ಶಾಯಿಗೆ ಅನ್ವಯಿಸಿದರು. ಎಳೆಯಿಂದ ಕಳಚುವ ಕ್ಷಣದಲ್ಲಿ ಶಾಯಿಯ ಹನಿಗೆ ವಿದ್ಯುದಂಶವನ್ನು ಕೊಟ್ಟು, ಅದನ್ನು ಎರಡು ಲೋಹದ ಫಲಕಗಳ ನಡುವೆ ಬೀಳಿಸಿದರೆ, ಹನಿಯು ತನ್ನ ದಾರಿಯನ್ನು ಬಿಟ್ಟು ಬಾಗುವುದು. ಎಷ್ಟು ಬಾಗಬೇಕೆಂಬುದು ನಮ್ಮ ಕೈಯಲ್ಲಿದೆ. ಕಾಗದದ ಮೇಲೆ ವೇಗವಾಗಿ ಬದಲಾಗುವ ಅಲೆಗಳನ್ನು ಬರೆಯುವುದಷ್ಟೇ ಅವರ ಉದ್ದೇಶವಾಗಿತ್ತು. ಇದಕ್ಕೆ 1971ರಲ್ಲಿ ಪೇಟೆಂಟ್ ದೊರೆಯಿತು. ಶಾಯಿ ಚಿಮ್ಮಿಸಿ ಮುದ್ರಿಸುವ ಇಂಕ್‌ಜೆಟ್ ವಿದ್ಯೆಗೆ ಇದೊಂದು ಮುಖ್ಯ ಮೆಟ್ಟಿಲು.

ಒಣಹವೆಯ ಜನವರಿಯಲ್ಲಿ ಪ್ಲಾಸ್ಟಿಕ್ ಬಾಚಣಿಗೆಯಿಂದ ಎಣ್ಣೆಯಿಲ್ಲದ ತಲೆಯನ್ನು ಬಾಚಿ, ಅದನ್ನು ನಲ್ಲಿಯ ನೀರೆಳೆಯ ಹತ್ತಿರ ಹಿಡಿಯಿರಿ. ನೀರು ಬಾಚಣಿಗೆಯ ಕಡೆಗೆ ಬಾಗುವುದನ್ನು ಕಾಣುವಿರಿ. ಮುಂಬಯಿಯ ಮಳೆಗಾಲದಲ್ಲಿ ಈ ಪ್ರಯೋಗ ಚೆನ್ನಾಗಿ ನಡೆಯದು.

ಬೇರ್ಪಟ್ಟ ಜೀವಕೋಶ

ಅದೇ ಕಾಲದಲ್ಲಿ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ ಒಂದು ಸಂಶಯವೆದ್ದಿತ್ತು. ಕೌಲ್ಟರ್ ಯಂತ್ರವು ಕೆಂಪು ರಕ್ತಕಣಗಳಲ್ಲಿ ಎರಡು ಗಾತ್ರಗಳಿರುವಂತೆ ತೋರಿಸುತ್ತಿತ್ತು. ಕಣಗಳು ನಿಜವಾಗಿ ಎರಡು ಬಗೆಯವೋ, ಅಥವಾ ಇದು ಯಂತ್ರದ ಭ್ರಮೆಯೋ? ಬೇರ್ಪಡಿಸಿ ನೋಡದೆ ತಿಳಿಯುವಂತಿರಲಿಲ್ಲ. ಅಲ್ಲಿದ್ದ ಮ್ಯಾಕ್ ಫುಲ್ವೈಲರ್ ಎಂಬ ತರುಣರು ಸ್ವೀಟ್ ಅವರ ಶಾಯಿಹನಿಯ ಉಪಾಯವನ್ನು ತಿಳಿದು, ಶಾಯಿಗೆ ಬದಲಾಗಿ ಜೀವಕೋಶಗಳಿರುವ ಉಪ್ಪುನೀರನ್ನು ಬಳಸಿದರು. ಕೋಶದ ಗಾತ್ರವನ್ನು ಮೊದಲು ಅಳೆಯುವುದು, ಅದನ್ನು ಹೊತ್ತ ಹನಿಗೆ ತಕ್ಕ ವಿದ್ಯುದಂಶ ಕೊಡುವುದು, ಹನಿಯು ತನಗೆ ನೇಮಿಸಿದ ಪಾತ್ರೆಯಲ್ಲಿ ಬೀಳುವುದು. 1965ರಲ್ಲಿ ಈ ಕಾರ್ಯ ಪ್ರಕಟವಾಯಿತು. ಬೇರ್ಪಡಿಸಿದ ಕಣಗಳನ್ನು ಮತ್ತೆ ಅಳೆದಾಗ ಪುನಃ ಎರಡು ಗಾತ್ರಗಳೇ ಕಂಡವು. ಆದುದರಿಂದ ಅದು ಯಂತ್ರದ ಭ್ರಮೆಯೆಂದು ತೀರ್ಮಾನವಾಯಿತು.

ತರುವಾಯ ಸ್ಟ್ಯಾನ್‌ಫರ್ಡಿನ ಲೆನರ್ಡ್ ಹರ್ಜೆನ್‌ಬರ್ಗ್ ಅವರು ಈ ಯಂತ್ರವನ್ನು ಬಹುವಾಗಿ ಬೆಳೆಸಿದರು. ಹೊಳೆಯುವ ಬಣ್ಣ ಹಚ್ಚಿದ ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಿ ಎಣಿಸಿ ಅವರ ಕಣ್ಣು ದಣಿದಿದ್ದವು. ಲೇಸರ್ ಬೆಳಕಿನಲ್ಲಿ ಹೊಳೆಯುವ ಕೋಶವನ್ನು ಗುರುತಿಸಿ ಬೇರೆ ಮಾಡುವ ಯಂತ್ರ 1972ರ ಹೊತ್ತಿಗೆ ಸಿದ್ಧವಾಯಿತು. ಶಾಯಿಯ ಹನಿಯನ್ನು ಬಾಗಿಸಿದ ಸ್ವೀಟ್ ಅವರೂ ಆ ತಂಡದಲ್ಲಿ ಸೇರಿದ್ದರು. ಹರ್ಜೆನ್‌ಬರ್ಗ್ ಅವರಿಗೆ 2006ರಲ್ಲಿ ಕ್ಯೋಟೋ ಪ್ರಶಸ್ತಿ ಸಂದಿತು.

ಮುದ್ರಿತವಾದ ಜೀವ

ಶಾಯಿಯ ವಿದ್ಯೆ ಕೋಶಗಳನ್ನು ಬೇರ್ಪಡಿಸಿತು. ಅದು ಅವುಗಳನ್ನು ಜೋಡಿಸಲೂಬಹುದೇ? ಅಮೆರಿಕದ ಕ್ಲೆಮ್ಸನ್ ವಿಶ್ವವಿದ್ಯಾಲಯದ ಥಾಮಸ್ ಬೋಲೆಂಡ್ ಮತ್ತು ಸಂಗಡಿಗರು, ನಮ್ಮ ಶಾಲೆಯ ಕಚೇರಿಯಲ್ಲಿರುವಂತಹ ಸಾಮಾನ್ಯ ಇಂಕ್‌ಜೆಟ್ ಮುದ್ರಕವನ್ನು ಮಾರ್ಪಡಿಸಿ, ಶಾಯಿಯ ಸ್ಥಳದಲ್ಲಿ ಜೀವಂತ ಕೋಶಗಳನ್ನು ತುಂಬಿ ಮುದ್ರಿಸಿದರು. ಮುದ್ರಕದ ಬಿಸಿಗೆ ಕೋಶಗಳು ಸಾಯುವುವೆಂದು ಯಾರಾದರೂ ಹೇಳಬಹುದಾಗಿತ್ತು. ಆದರೆ ಆ ಬಿಸಿ ಕೆಲವು ಮೈಕ್ರೋಸೆಕೆಂಡು ಮಾತ್ರ ಇರುವುದರಿಂದ ಬಹುಪಾಲು ಕೋಶಗಳು ಬದುಕಿದವು. ಇದಕ್ಕೆ 2006ರಲ್ಲಿ ಪೇಟೆಂಟ್ ದೊರೆಯಿತು.

ಕೋಶಗಳು ನಿಲ್ಲಲು ಆಸರೆ ಬೇಕಲ್ಲವೇ? ಕಡಲ ಪಾಚಿಯಿಂದ ತೆಗೆದ ಆಲ್ಜಿನೇಟ್ ಎಂಬ ಅಂಟುದ್ರವವು ಕ್ಯಾಲ್ಸಿಯಂ ತಾಗಿದೊಡನೆ ಹೆಪ್ಪುಗಟ್ಟಿ ಮೆತ್ತನೆಯ ಹಾಸಿಗೆಯಾಗುವುದು. ಇಂತಹವೇ ದೇಹಕ್ಕೆ ಒಗ್ಗುವ ಪದಾರ್ಥಗಳು. ನಮ್ಮ ದೇಶದಲ್ಲಿಯೂ ಈ ಕಾರ್ಯ ನಡೆದಿದೆ. 2015ರಲ್ಲಿ ಬೆಂಗಳೂರಿನ ಪ್ಯಾಂಡೋರಂ ಸಂಸ್ಥೆಯು ಯಕೃತ್ತಿನ ಅಂಗಾಂಶವನ್ನು ಮುದ್ರಿಸಿದುದಾಗಿ ಪ್ರಕಟಿಸಿತು. 2022ರಲ್ಲಿ ಹೈದರಾಬಾದಿನ ಎಲ್. ವಿ. ಪ್ರಸಾದ್ ನೇತ್ರ ಸಂಸ್ಥೆ ಮತ್ತು ಅಲ್ಲಿಯ ಐಐಟಿ ಮೊದಲಾದವರು ಕಣ್ಣಿನ ಪಾರದರ್ಶಕ ಪಟಲವನ್ನು ಮುದ್ರಿಸಿ ಮೊಲದ ಕಣ್ಣಿಗೆ ಕಸಿ ಮಾಡಿದರು. ಆದರೆ ಮುದ್ರಿತ ಹೃದಯವು ಇನ್ನೂ ಯಾವ ರೋಗಿಯ ಎದೆಯಲ್ಲಿಯೂ ಮಿಡಿದಿಲ್ಲ. ರಕ್ತನಾಳದಿಂದ ಮಿಲಿಮೀಟರಿನ ಐದನೆಯ ಒಂದಂಶಕ್ಕಿಂತ ದೂರವಿರುವ ಕೋಶ ಸಾಮಾನ್ಯವಾಗಿ ಬದುಕಲಾರದು. ಕೂದಲಿನಷ್ಟು ಸಣ್ಣ ನಾಳಗಳನ್ನು ಎಲ್ಲೆಡೆ ಹೆಣೆಯುವುದೇ ಈಗಿನ ದೊಡ್ಡ ತೊಡಕು.

ಪೇಟೆಂಟ್ ಎಂದರೇನು?

ಪೇಟೆಂಟ್ ಎಂಬುದು ಸರಕಾರವು ಶೋಧಕನಿಗೆ ಕೊಡುವ ಸನ್ನದು. ಅದು ಒಂದು ಕರಾರು. ಶೋಧಕನು ತನ್ನ ಗುಟ್ಟನ್ನು ಚಿತ್ರ ಸಹಿತ ಬಿಡಿಸಿ ಬರೆದು ಲೋಕಕ್ಕೆ ಒಪ್ಪಿಸಬೇಕು. ಅದಕ್ಕೆ ಪ್ರತಿಯಾಗಿ, ನಿಗದಿಯಾದ ಕಾಲದವರೆಗೆ ಅವನ ಅನುಮತಿಯಿಲ್ಲದೆ ಬೇರೆಯವರು ಅದನ್ನು ಮಾಡುವಂತಿಲ್ಲ, ಮಾರುವಂತಿಲ್ಲ. ಭಾರತದಲ್ಲಿ ಈ ಅವಧಿ ಅರ್ಜಿಯ ದಿನದಿಂದ 20 ವರ್ಷ. ಆಮೇಲೆ ಅದು ಎಲ್ಲರ ಸೊತ್ತು. ಕೌಲ್ಟರ್ ಅವರ ಹಕ್ಕು, ಅಂದಿನ ಅಮೆರಿಕದ 17 ವರ್ಷದ ನಿಯಮದಂತೆ, 1970ರಲ್ಲಿ ಮುಗಿಯಿತು. ಅವರ ರಂಧ್ರವು ಇಂದು ಓಣಿಯ ಪ್ರಯೋಗಶಾಲೆಗೂ ಬಂದಿರುವುದಕ್ಕೆ ಇದೂ ಒಂದು ಕಾರಣ.

ಆದರೆ ಅವಧಿ ಮುಗಿಯುವವರೆಗೆ ರೋಗ ಕಾಯುವುದೇ? ನಮ್ಮ 1970ರ ಪೇಟೆಂಟ್ ಕಾನೂನು ಈ ಪ್ರಶ್ನೆಯನ್ನು ಮರೆತಿಲ್ಲ. ರೋಗಿಗೆ ಚಿಕಿತ್ಸೆ ಮಾಡುವ ವಿಧಾನಕ್ಕೆ ಇಲ್ಲಿ ಪೇಟೆಂಟ್ ಇಲ್ಲ. ಔಷಧವು ಜನರಿಗೆ ನಿಲುಕದ ಬೆಲೆಯದಾದರೆ ಬೇರೆಯವರಿಗೂ ತಯಾರಿಸಲು ಕಡ್ಡಾಯ ಪರವಾನಗಿ ಕೊಡಬಹುದು. 2012ರಲ್ಲಿ ನಮ್ಮ ಮುಂಬಯಿಯಿಂದಲೇ ಅಂತಹ ಆಜ್ಞೆ ಹೊರಟು, ತಿಂಗಳಿಗೆ ಸುಮಾರು 2,80,000 ರೂಪಾಯಿಯಾಗುತ್ತಿದ್ದ ಕ್ಯಾನ್ಸರ್ ಔಷಧವೊಂದು 8,880 ರೂಪಾಯಿಗೆ ದೊರೆಯುವಂತಾಯಿತು. ಶೋಧಕನ ಶ್ರಮಕ್ಕೆ ಬೆಲೆಯೂ ಇರಬೇಕು. ಬಡವನ ಪ್ರಾಣಕ್ಕೆ ಬೆಲೆ ಕಟ್ಟಲೂ ಬಾರದು. ಈ ಎರಡನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಸುಲಭವಲ್ಲ. ನಾಳಿನ ನಾಗರಿಕರಾದ ನೀವೇ ಅದನ್ನು ತೂಗಬೇಕಾಗುವುದು.

ಈಗ ಹಿಂದಿರುಗಿ ನೋಡಿರಿ. ಸ್ವೀಟ್ ಅವರು ರೋಗವನ್ನು ಕುರಿತು ಯೋಚಿಸಿರಲಿಲ್ಲ. ಅವರಿಗೆ ಬೇಕಾದುದು ಕಾಗದದ ಮೇಲಿನ ಗೆರೆ. ಆ ಉಪಾಯವು ಪ್ರಕಟವಾಗಿ ಬೇರೊಬ್ಬರ ಕಿವಿಗೆ ಬಿದ್ದುದರಿಂದ ಜೀವಶಾಸ್ತ್ರವೇ ಬದಲಾಯಿತು. ಬಚ್ಚಿಟ್ಟ ವಿದ್ಯೆ ಒಬ್ಬನೊಡನೆ ಮುಗಿಯುತ್ತದೆ. ಬಿಚ್ಚಿಟ್ಟ ವಿದ್ಯೆ ಹತ್ತು ಮನೆಗಳಲ್ಲಿ ದೀಪ ಹಚ್ಚುತ್ತದೆ. ಆ ದೀಪವನ್ನು ನಮ್ಮ ಮನೆಗೆ ತರುವ ಭಾಷೆ ಕನ್ನಡವೂ ಆಗಬಲ್ಲುದು. ನೀರೆಳೆ, ಹನಿ, ರಂಧ್ರ, ತಡೆ ಎಂಬ ನಮ್ಮ ಮಾತುಗಳಲ್ಲಿಯೇ ನಾವು ಇಷ್ಟು ದೂರ ಬಂದೆವಲ್ಲವೇ?

ಆ ಹುಡುಗನಿಗೆ ನಾನು ಉತ್ತರ ಹೇಳಿದಾಗ ಅವನು ತುಸು ಯೋಚಿಸಿ, “ಹಾಗಾದರೆ ಗುರುಗಳೇ, ಎರಡು ಕಣಗಳು ಒಟ್ಟಿಗೇ ರಂಧ್ರದಲ್ಲಿ ನುಗ್ಗಿದರೆ ಒಂದೆಂದೇ ಲೆಕ್ಕವಾಗುವುದಲ್ಲವೇ?” ಎಂದನು. ಯಂತ್ರ ಮಾಡಿದವರೂ ಈ ತೊಡಕನ್ನು ಎದುರಿಸಿ, ರಕ್ತವನ್ನು ಬಹಳ ತೆಳುಗೊಳಿಸಿ, ಲೆಕ್ಕವನ್ನು ತಿದ್ದುವ ಗಣಿತವನ್ನೂ ಹೂಡಿದ್ದರು. ಇದೊಂದನ್ನೂ ಓದದೆ, ಜ್ವರದಿಂದ ಎದ್ದ ಹುಡುಗನು ತಾನಾಗಿಯೇ ಅಲ್ಲಿಗೆ ಬಂದು ನಿಂತಿದ್ದನು. ನಿಮ್ಮಲ್ಲಿಯೂ ಇಂತಹ ಪ್ರಶ್ನೆಗಳೇಳುವುವು. ಅವನ್ನು ತಾರೀಖಿನೊಡನೆ ಒಂದು ವಹಿಯಲ್ಲಿ ಬರೆದಿಡಿರಿ. ಕನ್ನಡದಲ್ಲಿಯೇ ಬರೆಯಿರಿ.