ಕೂಸಿನ ಮನೆಯೂ ಹಾಜರಿ ಪುಸ್ತಕವೂ

ರೂಪನಗುಡಿ ಸೀಮೆಯ ಎರೆಭೂಮಿಯಲ್ಲಿ ಹತ್ತಿ, ಮೆಣಸಿನಕಾಯಿ ಬಿಡಿಸುವ ಕಾಲಕ್ಕೂ ಸಿರುಗುಪ್ಪದ ಕಾಲುವೆಯ ಬಯಲಿನಲ್ಲಿ ಭತ್ತದ ನಾಟಿಯ ಕಾಲಕ್ಕೂ ಶಾಲೆಯ ಹಾಜರಿ ಪುಸ್ತಕವನ್ನು ತೆರೆದು ನೋಡತಕ್ಕದ್ದು. ಐದನೆಯ ತರಗತಿಯ ಬಾಲಕಿಯೊಬ್ಬಳು ಹದಿನೈದು ದಿನ ಬಾರದಿದ್ದಾಗ ನಾನು ಗದರಿಸಿ ಕೇಳಿದೆನು. “ತಮ್ಮನ್ನ ಎತ್ಕೊಳ್ಳಾಕ ಮನಿಯಾಗ ಯಾರೂ ಇಲ್ರಿ ಸಾರ್” ಎಂದಳು. ಗದರಿಸಿದ್ದಕ್ಕೆ ಇಂದಿಗೂ ನಾಚಿಕೆಯಾಗುತ್ತದೆ.

ದುಡಿಯುವ ತಾಯಂದಿರ ಶಿಶುಗಳಿಗೆ ಹಗಲಾಶ್ರಯ ಬೇಕೆಂಬುದು ಹೊಸ ವಿಚಾರವಲ್ಲ. 1948ರ ಕಾರ್ಖಾನೆ ಕಾಯಿದೆಯೇ ಹೆಚ್ಚು ಹೆಂಗಸರಿರುವ ಕಾರ್ಖಾನೆಗಳಲ್ಲಿ ಶಿಶುಗೃಹವನ್ನು ವಿಧಿಸಿತು. 2005ರ ಉದ್ಯೋಗ ಖಾತರಿ ಕಾಯಿದೆಯು, ಕೆಲಸದ ಸ್ಥಳಕ್ಕೆ ಆರು ವರ್ಷದೊಳಗಿನ ಐದು ಮಕ್ಕಳು ಬಂದರೂ ಸಾಕು, ಅವರನ್ನು ನೋಡಿಕೊಳ್ಳುವ ಒಬ್ಬ ಹೆಂಗಸಿಗೂ ಕೂಲಿ ಸಲ್ಲಬೇಕೆಂದಿತು. ಆದರೆ ಪರರ ಹೊಲಕ್ಕೆ ಕೂಲಿ ಹೋಗುವವಳಿಗೂ ಬಳ್ಳಾರಿಯಲ್ಲಿ ಮನೆಯಲ್ಲೇ ಕುಳಿತು ಜೀನ್ಸ್ ಹೊಲಿಯುವವಳಿಗೂ ಇವೆರಡರ ನೆರಳು ತಾಗಲಿಲ್ಲ. 1975ರಲ್ಲಿ ನಮ್ಮ ನಾಡಿನ ತಿ. ನರಸೀಪುರವೂ ಸೇರಿದಂತೆ ಆರಂಭವಾದ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿ ಮಹದುಪಕಾರ ಮಾಡಿದೆ. ಆದರೂ ಅಲ್ಲಿ ಕುಳಿತು ಕಲಿಯುವವರು ಮೂರು ತುಂಬಿದ ಮಕ್ಕಳು. ಅದಕ್ಕಿಂತ ಚಿಕ್ಕದಾದ ಕೂಸು ಹೊಲದ ಬದುವಿನ ಜಾಲಿಮರಕ್ಕೆ ಕಟ್ಟಿದ ಸೀರೆಯ ಜೋಲಿಯಲ್ಲಿರಬೇಕು, ಇಲ್ಲವೆ ಅಕ್ಕನ ಸೊಂಟದ ಮೇಲಿರಬೇಕು.

2023–24ರ ಆಯವ್ಯಯದಲ್ಲಿ ರಾಜ್ಯ ಸರ್ಕಾರವು 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆಯುವುದಾಗಿ ಸಾರಿತು. ಪಂಡಿತನಾದ ನನಗೆ ಮೊದಲು ಹಿಡಿಸಿದ್ದು ಹೆಸರೇ. ಕ್ರೆಷ್ ಎಂಬ ಫ್ರೆಂಚ್ ಪದಕ್ಕೆ ಮೂಲದಲ್ಲಿ ದನದ ಗೋದಲಿ ಎಂದರ್ಥ. ನಮ್ಮವರು ಅದನ್ನು ಮನೆಯನ್ನಾಗಿ ಮಾಡಿದರು!

ಇಂತಹ ಮನೆಯನ್ನು ನಮ್ಮೂರುಗಳಲ್ಲಿ ಕಟ್ಟಬಯಸುವವರು ಕಚೇರಿಯ ವೇಳೆಯನ್ನು ಮರೆತು ಕೂಲಿಯ ವೇಳೆಯನ್ನು ಹಿಡಿಯಬೇಕು. ಸೂರ್ಯ ಮೇಲೇರುವ ಮೊದಲೇ ಹೆಂಗಸರನ್ನು ತುಂಬಿಕೊಂಡ ಗಾಡಿ ಊರು ಬಿಡುತ್ತದೆ. ಹತ್ತು ಗಂಟೆಗೆ ತೆರೆಯುವ ಬಾಗಿಲಿನಿಂದ ಅವರಿಗೇನು ಫಲ? ಯಾವ ತಿಂಗಳು, ಯಾವ ಓಣಿಗೆ ಅಗತ್ಯ ಹೆಚ್ಚೆಂಬುದನ್ನು ಹಾಜರಿ ಪುಸ್ತಕದ ಗೈರುಹಾಜರಿಯೇ ತೋರಿಸಿಕೊಡುತ್ತದೆ. ಮೂರು ವರ್ಷಗಳ ಪುಸ್ತಕಗಳನ್ನು ಅಧ್ಯಾಪಕರು ತಿರುವಿದರೆ ಬೇರೆ ಸಮೀಕ್ಷೆಯ ಅಗತ್ಯ ಬೀಳದು. ಮೊಲೆಯುಣ್ಣುವ ಕೂಸಿನ ತಾಯಿಗೆ ಊರ ಸಮೀಪದ ಹೊಲದಲ್ಲೇ ಕೆಲಸ ದೊರೆಯುವಂತೆ ರೈತರೊಡನೆ ಮಾತಾಡಿಕೊಳ್ಳುವುದೂ ಯೋಜನೆಯ ಅಂಗವೇ. ಬಳ್ಳಾರಿಯ ಬೇಸಿಗೆಯಲ್ಲಿ ತಗಡಿನ ಮಾಡು ಸಲ್ಲದೆಂದು ಹೇಳಬೇಕಾಗಿಲ್ಲ.

ದಾನಿಗಳಲ್ಲೊಂದು ವಿನಂತಿ. ಕೊಠಡಿಗೆ ಹಣ ಕೂಡುತ್ತದೆ, ಏಕೆಂದರೆ ಕೊಠಡಿಗೆ ಶಿಲಾಫಲಕವುಂಟು. ಕೂಸಿನ ಬಟ್ಟೆ ಒಗೆದು, ಗಂಜಿ ಉಣಿಸಿ, ತೊಟ್ಟಿಲು ತೂಗುವ ಆಯಾಳ ತಿಂಗಳ ಸಂಬಳಕ್ಕೆ ಫಲಕವಿಲ್ಲ. ಕೊಠಡಿಯನ್ನು ಊರವರು ಹೇಗೋ ಹೊಂದಿಸಿಯಾರು. ಮಹನೀಯರು ಆ ಸಂಬಳವನ್ನು ವಹಿಸಿಕೊಳ್ಳಲಿ.