ಮೆಡಿಕಲ್ ಶಾಪಿನ ಬಾಗಿಲಲ್ಲಿ ಹೊತ್ತು ಕಳೆಯದಿರಲಿ

ಸಂಘದ ಸಭೆಗೆ ಈ ತಿಂಗಳ ಪಾಠ



ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲ ಅಂದರೆ ನಾವು ಮೊದಲು ಎಲ್ಲಿಗೆ ಹೋಗುತ್ತೇವೆ? ಹೆಚ್ಚಿನವರು ಆಸ್ಪತ್ರೆಗೆ ಹೋಗುವುದಿಲ್ಲ, ಬಸ್ ಸ್ಟ್ಯಾಂಡ್ ಪಕ್ಕದ ಮೆಡಿಕಲ್ ಶಾಪಿಗೆ ಹೋಗುತ್ತೇವೆ. "ಎದೆ ಉರೀತದೆ, ಗ್ಯಾಸ್ ಮಾತ್ರೆ ಕೊಡಪ್ಪ", "ಮಗೀಗೆ ಭೇದಿ, ಏನಾದ್ರೂ ಕೊಡಣ್ಣ", "ಮೈಕೈ ನೋವು, ಒಂದು ಸೆಟ್ ಮಾತ್ರೆ ಕೊಡು" ಅಂತೀವಿ. ಇದಕ್ಕೆ ಕಾರಣವೂ ಇದೆ. ಆಸ್ಪತ್ರೆಗೆ ಹೋದರೆ ಒಂದು ದಿನದ ಕೂಲಿ ಹೋಯಿತು, ಬಸ್ ಚಾರ್ಜು ಬೇರೆ. ಅಂಗಡಿಯಲ್ಲಾದರೆ ಐದು ನಿಮಿಷದ ಕೆಲಸ.

ಸಣ್ಣಪುಟ್ಟ ನೆಗಡಿ, ತಲೆನೋವಿಗೆ ಇದು ನಡೆಯುತ್ತದೆ. ಆದರೆ ನೂರು ಜನರಲ್ಲಿ ಒಬ್ಬರಿಗೆ ಬಂದಿರುವುದು ಗ್ಯಾಸ್ ಅಲ್ಲ, ಹೃದಯಾಘಾತ. ಆ ಒಬ್ಬರನ್ನು ಗುರುತಿಸಿ "ಅಕ್ಕಾ, ಇದಕ್ಕೆ ನನ್ನ ಹತ್ರ ಮಾತ್ರೆ ಇಲ್ಲ, ಈಗಲೇ ಆಸ್ಪತ್ರೆಗೆ ಹೋಗಿ" ಎಂದು ಹೇಳುವ ತಿಳುವಳಿಕೆ ಅಂಗಡಿಯವರಿಗೆ ಇದ್ದರೆ ಒಂದು ಜೀವ ಉಳಿಯುತ್ತದೆ. ಆದ್ದರಿಂದ ನಮ್ಮ ಊರಿನ ಮೆಡಿಕಲ್ ಶಾಪಿನವರಿಗೆ ತುರ್ತು ರೋಗಿಗಳ ಬಗ್ಗೆ ತರಬೇತಿ ಕೊಡಿಸುವುದು ಹೇಗೆ, ಅದರಲ್ಲಿ ನಮ್ಮ ಪಾತ್ರವೇನು ಎಂದು ಈ ಪಾಠದಲ್ಲಿ ನೋಡೋಣ.

1. ಕೌಂಟರಿನ ಹಿಂದೆ ಯಾರಿದ್ದಾರೆ?

1948ರ ಫಾರ್ಮಸಿ ಕಾಯಿದೆಯ ಪ್ರಕಾರ ನೋಂದಾಯಿತ ಫಾರ್ಮಸಿಸ್ಟ್ ಮಾತ್ರ ಡಾಕ್ಟರ ಚೀಟಿಗೆ ಔಷಧ ಕೊಡಬೇಕು. ಆದರೆ ಅಂಗಡಿಯಲ್ಲಿ ನಮಗೆ ಎದುರಾಗುವುದು ಎಷ್ಟೋ ಸಲ ಸಹಾಯಕ್ಕಿರುವ ಹುಡುಗ ಅಥವಾ ಹುಡುಗಿ. ಅವರು ಕೆಟ್ಟವರಲ್ಲ. ಮಾತ್ರೆಯ ಹೆಸರು, ಬೆಲೆ ಚೆನ್ನಾಗಿ ಗೊತ್ತು. ಆದರೆ ಯಾವ ನೋವು ಕಾಯಬಹುದು, ಯಾವುದು ಕಾಯಬಾರದು ಎಂದು ಯಾರೂ ಅವರಿಗೆ ಹೇಳಿಕೊಟ್ಟಿಲ್ಲ. ಆದ್ದರಿಂದ ತರಬೇತಿ ಫಾರ್ಮಸಿಸ್ಟ್‌ಗೆ ಮಾತ್ರ ಸಾಲದು. ಕೌಂಟರಿನಲ್ಲಿ ನಿಲ್ಲುವ ಪ್ರತಿಯೊಬ್ಬರಿಗೂ ಬೇಕು.

ಬೇರೆ ಕಡೆ ಇಂಥ ಕೆಲಸ ನಡೆದಿದೆ. ಮುಂಬೈಯಲ್ಲಿ 2006ರಿಂದ ಔಷಧ ಅಂಗಡಿಯವರಿಗೆ ಕ್ಷಯರೋಗದ ತರಬೇತಿ ಕೊಡಲಾಯಿತು. ಬಹಳ ದಿನದ ಕೆಮ್ಮಿಗೆ ಸಿರಪ್ ಕೇಳಿ ಬಂದವರನ್ನು ಅವರು ಕಫ ಪರೀಕ್ಷೆಗೆ ಕಳಿಸಲು ಕಲಿತರು. ಇಂಗ್ಲೆಂಡಿನಲ್ಲಿ 2024ರ ಜನವರಿ 31ರಿಂದ ತರಬೇತಿ ಪಡೆದ ಫಾರ್ಮಸಿಸ್ಟರೇ ಏಳು ಸಾಮಾನ್ಯ ಕಾಯಿಲೆಗಳನ್ನು ನೋಡುತ್ತಾರೆ. ಅಪಾಯದ ಚಿಹ್ನೆ ಕಂಡರೆ ಡಾಕ್ಟರ ಬಳಿಗೆ ಕಳಿಸುತ್ತಾರೆ. ನಮ್ಮ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲೂ ಡಾ. ಸುದರ್ಶನ್ ಅವರು 1981ರಲ್ಲಿ ಶುರು ಮಾಡಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸೋಲಿಗರ ಹೆಣ್ಣುಮಕ್ಕಳಿಗೇ ಆರೋಗ್ಯ ಕಾರ್ಯಕರ್ತೆಯ ತರಬೇತಿ ಕೊಟ್ಟಿದೆ. ಕಲಿಸಿದರೆ ಕಲಿಯುತ್ತಾರೆ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

2. ಕೇಳಬೇಕಾದ ಐದು ಪ್ರಶ್ನೆ

ಮಾತ್ರೆ ಕೊಡುವ ಮುಂಚೆ ಅಂಗಡಿಯವರು ಈ ಐದನ್ನು ಕೇಳಬೇಕು:

ಯಾರಿಗೆ? (ಮಗುವೇ, ಬಸುರಿಯೇ, ವಯಸ್ಸಾದವರೇ)
ಏನು ತೊಂದರೆ?
ಯಾವಾಗಿನಿಂದ?
ಇಲ್ಲಿಯವರೆಗೆ ಏನು ಮಾಡಿದ್ದೀರಿ?
ಬೇರೆ ಯಾವ ಮಾತ್ರೆ ನುಂಗುತ್ತಿದ್ದಾರೆ?

ಇದಕ್ಕೆ ಒಂದು ನಿಮಿಷ ಸಾಕು. ಅವರು ಕೇಳದಿದ್ದರೆ ನಾವೇ ಹೇಳೋಣ. ಚಿಕ್ಕ ಮಕ್ಕಳ ಕೈಗೆ ಚೀಟಿ ಕೊಟ್ಟು ಅಂಗಡಿಗೆ ಕಳಿಸಿದರೆ ಈ ಐದಕ್ಕೂ ಉತ್ತರ ಸಿಗುವುದಿಲ್ಲ. ರೋಗಿಯನ್ನು ನೋಡಿದ ದೊಡ್ಡವರೇ ಹೋಗಬೇಕು.

3. ಕಾಯಬಾರದ ಚಿಹ್ನೆಗಳು

ಎದೆ ನೋವು: ಎದೆ ಹಿಂಡಿದಂತಾಗುವುದು, ನೋವು ಎಡಗೈಗೆ, ದವಡೆಗೆ, ಬೆನ್ನಿಗೆ ಹರಿಯುವುದು, ತಣ್ಣನೆ ಬೆವರು. ಹೆಂಗಸರಲ್ಲಿ ಕೆಲವು ಸಲ ಎದೆ ನೋವು ಜೋರಾಗಿ ಇರುವುದಿಲ್ಲ. ಏದುಸಿರು, ವಾಕರಿಕೆ, ವಿಪರೀತ ಸುಸ್ತು ಮಾತ್ರ ಇರಬಹುದು. ನಾವು "ಕೆಲಸ ಜಾಸ್ತಿಯಾಯ್ತು" ಅಂದುಕೊಂಡು ಮಲಗಿಬಿಡುತ್ತೇವೆ. ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ 2023ರಲ್ಲಿ ಶುರುವಾದ ಹೃದಯ ಜ್ಯೋತಿ ಯೋಜನೆಯಲ್ಲಿ ರಾಜ್ಯದ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಬೇಗ ಹೋದಷ್ಟೂ ಇದರ ಫಲ ಹೆಚ್ಚು.

ಲಕ್ವ: ಬಾಯಿ ಸೊಟ್ಟಗಾಗುವುದು, ಒಂದು ಕೈ ಮೇಲೆತ್ತಲು ಆಗದಿರುವುದು, ಮಾತು ತೊದಲುವುದು. ಹೆಪ್ಪು ಕರಗಿಸುವ ಇಂಜೆಕ್ಷನ್ ನಾಲ್ಕೂವರೆ ಗಂಟೆಯೊಳಗೆ ಆಗಬೇಕು. ಎಣ್ಣೆ ತಿಕ್ಕುತ್ತಾ ಕೂತರೆ ಆ ಹೊತ್ತು ಕಳೆದುಹೋಗುತ್ತದೆ.

ಹಾವು ಕಡಿತ: ಕಾಡಂಚಿನ ನಮಗೆ ಇದು ಮುಖ್ಯ. ಕಟ್ಟು ಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಡಿದರೆ ನೋವೂ ಇರುವುದಿಲ್ಲ, ಗಾಯವೂ ಸರಿಯಾಗಿ ಕಾಣುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು ಅಂತ ಏಳುತ್ತಾರೆ, ಮನೆಯವರು ಹೊಟ್ಟೆನೋವಿನ ಮಾತ್ರೆಗೆ ಅಂಗಡಿಗೆ ಓಡುತ್ತಾರೆ. ಆಗ ಅಂಗಡಿಯವರು "ರೆಪ್ಪೆ ಜೋತು ಬೀಳ್ತಿದೆಯಾ? ಉಗುಳು ನುಂಗಕ್ಕೆ ಆಗ್ತಿದೆಯಾ? ನೆಲದ ಮೇಲೆ ಮಲಗಿದ್ರಾ?" ಎಂದು ಕೇಳಿದರೆ ಸಾಕು, ಜೀವ ಉಳಿಯಬಹುದು. ಬಿಗಿಯಾಗಿ ಕಟ್ಟಬಾರದು, ಕೊಯ್ಯಬಾರದು, ಬಾಯಿಂದ ಹೀರಬಾರದು. ಕಡಿತವಾದ ಕೈಕಾಲು ಅಲುಗಾಡಿಸದೆ ಆಸ್ಪತ್ರೆಗೆ ಸಾಗಿಸಬೇಕು. ವಿಷಕ್ಕೆ ಪ್ರತಿಯಾದ ಔಷಧ ಆಸ್ಪತ್ರೆಯಲ್ಲೇ ರಕ್ತನಾಳಕ್ಕೆ ಕೊಡುವಂಥದ್ದು, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ಆದೇಶಿಸಿದೆ.

ವಿಷ: 2018ರ ಡಿಸೆಂಬರ್ 14ರಂದು ನಮ್ಮ ಜಿಲ್ಲೆಯ ಸುಳ್ವಾಡಿಯ ಮಾರಮ್ಮನ ಗುಡಿಯಲ್ಲಿ ಕೀಟನಾಶಕ ಬೆರೆತ ಪ್ರಸಾದ ತಿಂದು 17 ಜನ ತೀರಿಕೊಂಡರು, ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ವಾಂತಿಭೇದಿಯ ಜೊತೆಗೆ ಬಾಯಲ್ಲಿ ಜೊಲ್ಲು, ಬೆವರು, ಉಸಿರಿನ ತೊಂದರೆ ಇದ್ದರೆ, ಒಂದೇ ಊಟ ಮಾಡಿದ ಹಲವರಿಗೆ ಹೀಗಾದರೆ, ಅದು ಭೇದಿ ಮಾತ್ರೆಗೆ ಹೋಗುವ ಕಾಯಿಲೆಯಲ್ಲ. ಬಲವಂತವಾಗಿ ವಾಂತಿ ಮಾಡಿಸಬೇಡಿ. ಔಷಧದ ಡಬ್ಬ ಸಿಕ್ಕರೆ ಆಸ್ಪತ್ರೆಗೆ ಜೊತೆಯಲ್ಲೇ ಒಯ್ಯಿರಿ.

ಮಗುವಿನ ಭೇದಿ: ಕಣ್ಣು ಗುಳಿ ಬಿದ್ದಿದ್ದರೆ, ಉಚ್ಚೆ ನಿಂತಿದ್ದರೆ, ಹಾಲು ಕುಡಿಯಲಾರದೆ ಜೋಮು ಹಿಡಿದಂತೆ ಮಲಗಿದ್ದರೆ, ಮಲದಲ್ಲಿ ರಕ್ತವಿದ್ದರೆ ತಕ್ಷಣ ಆಸ್ಪತ್ರೆ. ಉಳಿದವರಿಗೆ ಓಆರ್‌ಎಸ್ ಮತ್ತು ಜಿಂಕ್. ಓಆರ್‌ಎಸ್ ಎಂಬ ಹೆಸರು ಹಾಕಿಕೊಂಡ ಸಿಹಿ ಪಾನೀಯಗಳನ್ನು ಕೊಳ್ಳಬೇಡಿ. ಅಂಥ ಪಾನೀಯಗಳಿಗೆ ಆ ಹೆಸರು ಬಳಸಬಾರದೆಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ಆದೇಶ ಮಾಡಿದೆ. ಪೊಟ್ಟಣ ಸಿಗದಿದ್ದರೆ ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಸಮತಟ್ಟಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ಬಸುರಿ ಬಾಣಂತಿಯರು: ರಕ್ತಸ್ರಾವ, ಫಿಟ್ಸ್, ಕಣ್ಣು ಮಂಜಾಗುವಂಥ ತಲೆನೋವು, ಮಗುವಿನ ಅಲುಗಾಟ ಕಡಿಮೆಯಾಗುವುದು. ಇದನ್ನು ಗಂಡಸರು ನಿಂತಿರುವ ಕೌಂಟರಿನಲ್ಲಿ ಹೇಳಲು ನಮಗೆ ನಾಚಿಕೆ. ಅಂಗಡಿಯವರು ಸ್ವಲ್ಪ ಪಕ್ಕಕ್ಕೆ ಕರೆದು, ದನಿ ತಗ್ಗಿಸಿ ಕೇಳುವುದೂ ತರಬೇತಿಯ ಭಾಗವೇ.

ನಾಯಿ, ಕೋತಿ ಕಡಿತ: ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಲಸಿಕೆ. ಗಾಯಕ್ಕೆ ಸುಣ್ಣ, ಖಾರದ ಪುಡಿ ಬೇಡ.

4. ಅಂಗಡಿಯವರು ಮಾಡಬಾರದ್ದು

ಪಟ್ಟಿಯ ಮೇಲೆ ಕೆಂಪು ಗೆರೆ ಇರುವ ಮಾತ್ರೆಗಳನ್ನು ಚೀಟಿ ಇಲ್ಲದೆ ಕೊಡಬಾರದು. ಹೆಸರಿಲ್ಲದ ಬಿಡಿ ಮಾತ್ರೆಗಳ "ಸೆಟ್" ಕಟ್ಟಬಾರದು. ಡೆಂಗ್ಯೂ ಅನುಮಾನವಿರುವ ಜ್ವರಕ್ಕೆ ಡೈಕ್ಲೊಫೆನಾಕ್, ಐಬುಪ್ರೊಫೆನ್ ಕೊಟ್ಟರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಆಗ ಪ್ಯಾರಾಸಿಟಮಾಲ್ ಮಾತ್ರ ಸರಿ. ನಾವೂ "ಚೀಟಿ ಯಾಕೆ, ಕೊಡಪ್ಪ" ಎಂದು ಒತ್ತಾಯ ಮಾಡಬಾರದು. ಕೊಡದವನನ್ನು ಬೈದು, ಕೊಡುವವನ ಅಂಗಡಿಗೆ ಹೋದರೆ ಒಳ್ಳೆಯ ಅಂಗಡಿಯೇ ಮುಚ್ಚಿಹೋಗುತ್ತದೆ.

5. ದಾರಿಯ ಯೋಚನೆ

ಮಂಗಲ, ಕಣಿಯನಪುರದ ಕಡೆಯಿಂದ ಗುಂಡ್ಲುಪೇಟೆಗೆ ಬರಲು ರಾತ್ರಿ ಹೊತ್ತು ಆನೆಯ ಭಯ, ಗಾಡಿಯ ಕೊರತೆ. ಬಂಡೀಪುರದ ಕಾಡಿನ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. ಆದರೆ ಆಂಬುಲೆನ್ಸ್‌ಗೆ ಈ ತಡೆ ಇಲ್ಲ. "ಗೇಟು ಹಾಕಿರ್ತಾರೆ, ಬೆಳಿಗ್ಗೆ ನೋಡೋಣ" ಎಂದು ಯಾರೂ ಕೂರಬಾರದು. 2008ರ ನವೆಂಬರಿನಿಂದ ನಮ್ಮ ರಾಜ್ಯದಲ್ಲಿ 108 ಇದೆ. ಪ್ರತಿ ಮೆಡಿಕಲ್ ಶಾಪಿನ ಗೋಡೆಯ ಮೇಲೆ 108, ತಾಲ್ಲೂಕು ಆಸ್ಪತ್ರೆ, ಆಶಾ ಕಾರ್ಯಕರ್ತೆ, ಊರಿನ ಒಬ್ಬ ಆಟೋದವರ ನಂಬರು ದೊಡ್ಡದಾಗಿ ಬರೆದಿರಬೇಕು. ಅಂಗಡಿಯವರೇ ಫೋನು ಮಾಡಿ, ರೋಗಿಯ ಸ್ಥಿತಿ ಮತ್ತು ಕೊಟ್ಟ ಮಾತ್ರೆಯ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಕೊಟ್ಟರೆ ಆಸ್ಪತ್ರೆಯ ಡಾಕ್ಟರಿಗೆ ಅರ್ಧ ಕೆಲಸ ಮುಗಿದಂತೆ.

6. ಸಂಘ ಏನು ಮಾಡಬಹುದು?

ಒಂದು ಸಂಘದ ಮಾತು ಸಣ್ಣದು, ಒಕ್ಕೂಟದ ಮಾತು ದೊಡ್ಡದು. ಒಕ್ಕೂಟದಿಂದ ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ಮನವಿ ಕೊಟ್ಟು, ಔಷಧ ವ್ಯಾಪಾರಿಗಳನ್ನೂ ಸೇರಿಸಿಕೊಂಡು ಎರಡು ಗಂಟೆಯ ತರಬೇತಿ ಕೇಳೋಣ. ವ್ಯಾಪಾರ ಕಡಿಮೆ ಇರುವ ಮಧ್ಯಾಹ್ನ ಆಗಲಿ. ಭಾಷಣ ಕಡಿಮೆ, ಅಭ್ಯಾಸ ಜಾಸ್ತಿ ಇರಲಿ. ನಮ್ಮ ಸದಸ್ಯೆಯರೇ ರೋಗಿಯ ಮನೆಯವರಂತೆ ನಟಿಸಿ ಮಾತ್ರೆ ಕೇಳಲಿ, ಅಂಗಡಿಯ ಹುಡುಗರು ಐದು ಪ್ರಶ್ನೆ ಕೇಳಿ, ಕೊಡುವುದೋ ಕಳಿಸುವುದೋ ತೀರ್ಮಾನ ಮಾಡಲಿ, ಡಾಕ್ಟರು ತಿದ್ದಲಿ. ಹುಡುಗರು ಕೆಲಸ ಬಿಟ್ಟು ಹೋಗುತ್ತಿರುತ್ತಾರೆ, ಹೊಸಬರು ಬರುತ್ತಾರೆ. ಆದ್ದರಿಂದ ಆರು ತಿಂಗಳಿಗೊಮ್ಮೆ ಮತ್ತೆ ಮಾಡಬೇಕು.

ಎರಡನೆಯದು ಹಣ. ಒಳ್ಳೆಯ ಸಮಾರಿಯದವನ ಸಾಮತಿ ನಮಗೆ ಗೊತ್ತು. ಅವನು ಗಾಯಕ್ಕೆ ಎಣ್ಣೆ ದ್ರಾಕ್ಷಾರಸ ಹಾಕಿ ಕಟ್ಟಿದ. ಅಷ್ಟಕ್ಕೇ ಬಿಡಲಿಲ್ಲ, ತನ್ನ ವಾಹನದ ಮೇಲೆ ಕೂರಿಸಿ ಛತ್ರಕ್ಕೆ ಒಯ್ದ, ಖರ್ಚಿಗೂ ಕೊಟ್ಟ. ಪ್ರಥಮ ಚಿಕಿತ್ಸೆ, ಸಾಗಾಟ, ಹಣ: ಮೂರೂ ಇದ್ದರೆ ಮಾತ್ರ ಸೇವೆ ಪೂರ್ತಿ. ನಮ್ಮ ಉಳಿತಾಯದಲ್ಲಿ ಒಂದು ಸಣ್ಣ ಭಾಗವನ್ನು ತುರ್ತು ನಿಧಿಯಾಗಿ ತೆಗೆದಿಟ್ಟು, ಸಭೆ ಕರೆಯದೆಯೇ ಅದೇ ರಾತ್ರಿ ಕೊಡುವ ಅಧಿಕಾರವನ್ನು ಇಬ್ಬರು ಸದಸ್ಯರಿಗೆ ಕೊಡಿ. ಲೆಕ್ಕವನ್ನು ಮುಂದಿನ ಸಭೆಯಲ್ಲಿ ಇಡಲಿ.

ಚರ್ಚೆಗೆ ಪ್ರಶ್ನೆಗಳು

1. ಕಳೆದ ಒಂದು ವರ್ಷದಲ್ಲಿ ನಮ್ಮ ಊರಿನಲ್ಲಿ ಆಸ್ಪತ್ರೆಗೆ ತಡವಾಗಿ ಹೋದವರು ಯಾರು? ಎಲ್ಲಿ ಹೊತ್ತು ಹೋಯಿತು: ಮನೆಯಲ್ಲೋ, ಅಂಗಡಿಯಲ್ಲೋ, ದಾರಿಯಲ್ಲೋ?
2. ನಮ್ಮ ಅಂಗಡಿಯಲ್ಲಿ ಐದು ಪ್ರಶ್ನೆ ಕೇಳುತ್ತಾರೆಯೇ?
3. ರಾತ್ರಿ 12 ಗಂಟೆಗೆ ಹಾವು ಕಡಿದರೆ ಯಾರ ಗಾಡಿ, ಯಾರ ಫೋನು, ಎಷ್ಟು ಹಣ?

ಮೂರನೆಯ ಪ್ರಶ್ನೆಯ ಉತ್ತರವನ್ನು ಬಾಯಲ್ಲಿ ಹೇಳಿ ಬಿಡಬೇಡಿ. ಹೆಸರು, ನಂಬರು ಸಮೇತ ನಿರ್ಣಯ ಪುಸ್ತಕದಲ್ಲಿ ಬರೆದು, ಎಲ್ಲರೂ ಸಹಿ ಹಾಕಿ, ಒಂದು ಪ್ರತಿಯನ್ನು ಮೆಡಿಕಲ್ ಶಾಪಿನವರಿಗೂ ಕೊಡಿ.