ಹಳೆಯ ದೊಡ್ಡ ಚೈನ್ ಸಾ ಕೊಳ್ಳುವ ಮುನ್ನ

ಬೆಂಗಳೂರಿನ ರಾಜಾಜಿನಗರದ ಕಡೆ ಹಳೆಯ ದೊಡ್ಡ ಚೈನ್ ಸಾ ಅಗ್ಗಕ್ಕೆ ಸಿಕ್ಕಿತೆಂದು ಹಣ ಕೊಡುವ ಮುನ್ನ ಸದಸ್ಯರು ತೋಟದ ಕೆಲಸವನ್ನು ಲೆಕ್ಕ ಹಾಕಬೇಕು. ನಮ್ಮಲ್ಲಿ ಮರಗಸಿಗೆ ಕತ್ತಿಯೇ ಸಾಕು. ಬಿದ್ದ ಅಡಿಕೆ ಮರ, ಸಿಲ್ವರ್ ಓಕ್ ತುಂಡರಿಸಲು 16 ಅಂಗುಲದ ಬಾರ್ ಸಾಲುತ್ತದೆ. 30 ಅಂಗುಲದ್ದು ಭಾರಿ ದಿಮ್ಮಿಗೆ ಮಾತ್ರ. ಬೀಟೆ ಕಡಿಯುವುದಾದರೆ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಅನುಮತಿಯೂ ಬೇಕು. ವರ್ಷಕ್ಕೆ ನಾಲ್ಕಾರು ದಿನದ ಕೆಲಸಕ್ಕೆ ಬಾಡಿಗೆಗೆ ತರುವುದೇ ಲೇಸೆಂದು ನಮ್ಮ ಸಲಹೆ.

ಕೊಳ್ಳಲೇಬೇಕಾದರೆ, ತಣ್ಣಗಿರುವ ಎಂಜಿನ್ ಅನ್ನು ನಿಮ್ಮೆದುರೇ ಚಾಲೂ ಮಾಡಿಸಿರಿ. ಆಕ್ಸಿಲರೇಟರ್ ಬಿಟ್ಟಾಗ ಚೈನ್ ನಿಲ್ಲಬೇಕು, ಬ್ರೇಕ್ ತಕ್ಷಣ ಹಿಡಿಯಬೇಕು. ಸೈಲೆನ್ಸರ್ ಬಿಚ್ಚಿಸಿ ಪಿಸ್ಟನ್ ನೋಡಿರಿ. ಉದ್ದ ಗೀರುಗಳಿದ್ದರೆ ಬಿಟ್ಟು ಬನ್ನಿರಿ. ಬ್ರೇಕ್ ಕೆಟ್ಟ ಗರಗಸದ ತುದಿ ಮರಕ್ಕೆ ತಗುಲಿ ಮುಖಕ್ಕೆ ಎಗರಿದರೆ, ಉಳಿಸಿದ ಹಣ ಯಾವ ಲೆಕ್ಕಕ್ಕೂ ಬಾರದು.